ಬಲಗಡೆ ತೆರೆಯುವ ಬಾಗಿಲಿಗೆ ಬೆಲೆ ಎಷ್ಟು?

ಐರ್ಲೆಂಡಿನಲ್ಲಿ ದೊಡ್ಡದೊಂದು ಸರಕು ವ್ಯಾನನ್ನು ನೋಂದಾಯಿಸಲು ಕಟ್ಟಬೇಕಾದ ತೆರಿಗೆ 200 ಯೂರೋ. ಅದೇ ವ್ಯಾನಿನೊಳಗೆ ಮಂಚ, ಮೇಜು, ಒಲೆ, ಕಪಾಟುಗಳನ್ನು ಕೂರಿಸಿ ಮೋಟಾರ್ ಕ್ಯಾರವಾನ್ ಎಂದು ನೋಂದಾಯಿಸಲು ಹೋದರೆ ಲೆಕ್ಕವೇ ಬೇರೆ. ಆಗ ತೆರಿಗೆ ವಾಹನದ ಮಾರುಕಟ್ಟೆ ಬೆಲೆಯ ಶೇ 13.3 ಆಗುತ್ತದೆ. ದರ ಎಲ್ಲರಿಗೂ ಒಂದೇ, ಕಾಯ್ದೆಯಲ್ಲಿ ಅಚ್ಚಾಗಿದೆ. ಅದರ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ‘ಮಾರುಕಟ್ಟೆ ಬೆಲೆ’ ಎಂಬುದು ಯಾವ ಕಾಯ್ದೆಯಲ್ಲೂ ಅಚ್ಚಾಗಿರುವುದಿಲ್ಲ. ಅದನ್ನು ಯಾರೋ ಒಬ್ಬರು ಕುಳಿತು ಕಟ್ಟಬೇಕು. ಕಟ್ಟಿದ ಬೆಲೆಯಲ್ಲಿ ಸಾವಿರ ಯೂರೋ ಹೆಚ್ಚಾದರೆ ನಮ್ಮ ಕಿಸೆಯಿಂದ 133 ಯೂರೋ ಹೆಚ್ಚು ಹೋಗುತ್ತದೆ. ಹತ್ತು ಸಾವಿರ ಹೆಚ್ಚಾದರೆ 1,330. ಈ ಬರಹ ಆ ಹತ್ತು ಸಾವಿರದ ಕುರಿತು.

ವಿಆರ್‌ಟಿ ಎಂದು ಇಲ್ಲಿ ಎಲ್ಲರೂ ಕರೆಯುವ ಈ ವಾಹನ ನೋಂದಣಿ ತೆರಿಗೆ ಬಂದದ್ದು 1993ರ ಜನವರಿ 1ರಂದು. ಯುರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದ ದಿನವೂ ಅದೇ. ಒಂದು ಸದಸ್ಯ ದೇಶದಿಂದ ಇನ್ನೊಂದಕ್ಕೆ ಬರುವ ವಾಹನಕ್ಕೆ ಗಡಿಯಲ್ಲಿ ಸುಂಕ ಹಾಕುವುದು ಇನ್ನು ಸಾಧ್ಯವಿಲ್ಲ ಎಂದಾದಾಗ, ತೆರಿಗೆ ಗಡಿಯನ್ನು ಬಿಟ್ಟು ನೋಂದಣಿಯ ಮೇಜಿಗೆ ಬಂದು ಕುಳಿತಿತು. ಹೊರಗಿನಿಂದ ವಾಹನ ತಂದವರು ಏಳು ದಿನಗಳೊಳಗೆ ತಪಾಸಣೆಗೆ ಸಮಯ ಕಾದಿರಿಸಬೇಕು, ಮೂವತ್ತು ದಿನಗಳೊಳಗೆ ತೆರಿಗೆ ಕಟ್ಟಿ ನೋಂದಣಿ ಮುಗಿಸಬೇಕು. ತಕರಾರು ಏನಿದ್ದರೂ ಮೊದಲು ಹಣ ಕಟ್ಟಬೇಕು, ಆಮೇಲೆ ಮಾತು.

ನಮ್ಮ ವ್ಯಾನು ಜರ್ಮನಿಯಿಂದ ಬಂದದ್ದು. ಸ್ಟುಟ್‌ಗಾರ್ಟ್ ಬಳಿ ನೆಲೆಸಿರುವ ಧಾರವಾಡದ ಗೆಳೆಯರೊಬ್ಬರು ಬಡಗಿಯೊಬ್ಬನ ಹಳೆಯ ಫಿಯೆಟ್ ಡುಕಾಟೋ ವ್ಯಾನನ್ನು ಕೊಂಡು, ರಜೆ ಸಿಕ್ಕಾಗಲೆಲ್ಲ ಅದರೊಳಗೆ ಕುಳಿತು ತಮ್ಮ ಕೈಯಾರೆ ಮನೆ ಕಟ್ಟಿದರು. ಗೋಡೆಗಳಿಗೆ ಕುರಿಯುಣ್ಣೆಯ ಹೊದಿಕೆ, ಅದರ ಮೇಲೆ ಪ್ಲೈವುಡ್, ಚಾವಣಿಗೆ ಗಂಟುಗಂಟಿರುವ ಪೈನ್ ಪಟ್ಟಿಗಳು. ಒಲೆಯ ಕೆಳಗಿನ ಡ್ರಾಯರನ್ನು ಅವರ ಹೆಂಡತಿಯ ಒಗ್ಗರಣೆ ಡಬ್ಬಿಯ ಅಳತೆಗೆ ಸರಿಯಾಗಿ ಮಾಡಿದ್ದಾರೆ. ಎಷ್ಟೇ ಹಳ್ಳ ದಿಣ್ಣೆಯ ರಸ್ತೆಯಾದರೂ ಸಾಸಿವೆ ಚೆಲ್ಲುವುದಿಲ್ಲ. ಜರ್ಮನಿಯಲ್ಲಿ ಅದು ತಪಾಸಣೆಯಾಗಿ ವಾಸಯೋಗ್ಯ ವಾಹನವೆಂದು ನೋಂದಾಯಿತವಾಗಿತ್ತು. ಮಕ್ಕಳು ದೊಡ್ಡವರಾಗಿ ಅವರ ಪ್ರವಾಸಗಳು ನಿಂತ ಮೇಲೆ ಅದು ನಮಗೆ ಬಂತು. ನನ್ನವರು ಶೆರ್ಬೂರ್ಗ್‌ನಿಂದ ರೋಸ್ಲೇರ್‌ಗೆ ಬರುವ ಹಡಗಿನಲ್ಲಿ ಅದನ್ನು ತಂದರು.

ನಮ್ಮ ಊರಾದ ಲಿಮರಿಕ್‌ನಲ್ಲಿ ತಪಾಸಣೆ ಮಾಡಿದ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಟಾರ್ಚ್ ಹಿಡಿದು ಚಾಸಿಸ್ ಸಂಖ್ಯೆ ನೋಡಿದ, ಓಡಿದ ಕಿಲೋಮೀಟರ್ ಬರೆದುಕೊಂಡ. ಒಳಗೆ ಬಂದು ಮೇಜಿನ ಕಾಲನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ, ಒಲೆಯನ್ನು ಎತ್ತಲು ನೋಡಿದ, ಆಸನವನ್ನು ಮಡಚಿ ಹಾಸಿಗೆ ಮಾಡಿ ತೋರಿಸಲು ಹೇಳಿದ. ಯುರೋಪಿನ ನಿಯಮದ ಪ್ರಕಾರ ಮೋಟಾರ್ ಕ್ಯಾರವಾನ್ ಎನಿಸಿಕೊಳ್ಳಲು ಆಸನ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ವ್ಯವಸ್ಥೆ, ಸಾಮಾನು ಇಡುವ ಜಾಗ ಇವು ಇರಲೇಬೇಕು, ಗಟ್ಟಿಯಾಗಿ ಕೂರಿಸಿರಬೇಕು. ಮೇಜು ಮಾತ್ರ ಬಿಚ್ಚಿಡುವಂಥದ್ದಾಗಿರಬಹುದು. ಆತ ನೋಡಿದ್ದು ಅದನ್ನೇ. ಬೆಲೆ ಕಟ್ಟುವುದು ತನ್ನ ಕೆಲಸವಲ್ಲ ಎಂದು ಅವನೇ ಹೇಳಿದ.

ಬೆಲೆ ಕಟ್ಟಿದ್ದು ಬೇರೆಲ್ಲೋ ಕುಳಿತಿದ್ದವರು, ವ್ಯಾನನ್ನು ಕಣ್ಣಿನಿಂದ ನೋಡದವರು. 24,000 ಯೂರೋ ಎಂದು ಬಂತು. ತೆರಿಗೆ 3,192. ಕಟ್ಟಿದೆವು, ಐರಿಷ್ ನಂಬರು ಬಂತು. ಅಂದು ರಾತ್ರಿಯೇ ನಾನು ಕಾಯ್ದೆ ಓದಲು ಕುಳಿತೆ.

ಸಾಮಾನ್ಯ ಕಾರುಗಳಿಗೆ ಈ ದೇಶದಲ್ಲಿ ತೊಂದರೆ ಕಡಿಮೆ. ಪ್ರತಿ ಕಂಪನಿಯ ಪ್ರತಿ ಮಾದರಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಅದನ್ನು ಒತ್ತಿದರೆ ವರ್ಷ ಮತ್ತು ಕಿಲೋಮೀಟರಿಗೆ ತಕ್ಕಂತೆ ಅಂದಾಜು ತೆರಿಗೆ ಕಾಣಿಸುತ್ತದೆ. ಮನೆಯಲ್ಲಿ ಮಾಡಿಕೊಂಡ ವ್ಯಾನಿಗೆ ಅಂಥ ಸಂಕೇತ ಎಲ್ಲಿಂದ ಬರಬೇಕು? ಜಗತ್ತಿನಲ್ಲಿ ಅಂಥದ್ದು ಇರುವುದೇ ಒಂದು. ಹಾಗಾಗಿ ಬೆಲೆ ಕಟ್ಟುವವರು ಹತ್ತಿರದ ನೆಂಟನನ್ನು ಹುಡುಕುತ್ತಾರೆ. ಹೈಮರ್, ಆಡ್ರಿಯಾದಂಥ ಕಂಪನಿಗಳು ಇದೇ ಡುಕಾಟೋದ ಮೇಲೆ ಕ್ಯಾಂಪರ್‌ಗಳನ್ನು ಕಟ್ಟಿ ಮಾರುತ್ತವೆ. ಅದೇ ಎಂಜಿನ್, ಅದೇ ಮೂತಿ, ಅದೇ ವರ್ಷ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು. ಆದರೆ ಕಾರ್ಖಾನೆಯಲ್ಲಿ ಆದದ್ದಕ್ಕೆ ಒಳಾಂಗಣದ ಪ್ರತಿ ಕೀಲಿಗೂ ಬಿಡಿಭಾಗ ಸಿಗುತ್ತದೆ, ಅನಿಲದ ಕೊಳವೆಗೆ ಪ್ರಮಾಣಪತ್ರವಿರುತ್ತದೆ, ಶೀತಕ್ಕೆ ಸರಿಯಾದ ಹೀಟರ್ ಇರುತ್ತದೆ. ಕೊಳ್ಳುವವನು ಆ ಭರವಸೆಗೇ ಹಣ ಕೊಡುತ್ತಾನೆ.

ಕಾಯ್ದೆ ಕೇಳುವ ಪ್ರಶ್ನೆ ಇದು: ಒಬ್ಬರಿಗೊಬ್ಬರು ಹಂಗಿಲ್ಲದ ಮಾರುವವ ಮತ್ತು ಕೊಳ್ಳುವವರ ನಡುವೆ, ಐರ್ಲೆಂಡಿನ ಒಳಗೆ, ಚಿಲ್ಲರೆ ಮಾರಾಟದಲ್ಲಿ, ಎಲ್ಲ ತೆರಿಗೆ ಸೇರಿಸಿ ಈ ವಾಹನಕ್ಕೆ ನ್ಯಾಯವಾಗಿ ಎಷ್ಟು ಬೆಲೆ ಬರಬಹುದು? 1992ರ ಹಣಕಾಸು ಕಾಯ್ದೆಯ 133ನೆಯ ವಿಧಿ ಇದನ್ನು ಹೇಳುತ್ತದೆ. ಅದನ್ನೇ ಇಲ್ಲಿನವರು ಓಎಂಎಸ್‌ಪಿ ಎಂದು ಚುಟುಕಾಗಿ ಕರೆಯುತ್ತಾರೆ. ಇದರಲ್ಲಿ ಪ್ರತಿಯೊಂದು ಮಾತೂ ತೂಕದ್ದು. ಐರ್ಲೆಂಡಿನ ಒಳಗೆ ಎಂದಿರುವುದರಿಂದ ಜರ್ಮನಿಯಲ್ಲಿ ಏನು ಬೆಲೆಯಿತ್ತು ಎಂಬುದು ನೇರ ಸಾಕ್ಷಿಯಲ್ಲ. ಹಂಗಿಲ್ಲದವರ ನಡುವೆ ಎಂದಿರುವುದರಿಂದ ಗೆಳೆಯರು ನಮಗೆ ಸ್ನೇಹದ ಮೇಲೆ ಕೊಟ್ಟ ಬೆಲೆಗೂ ತೂಕವಿಲ್ಲ. ನಾವು ಕೊಟ್ಟ ಹಣದ ರಸೀದಿಯನ್ನು ಅರ್ಜಿಯ ಜೊತೆ ಇಟ್ಟದ್ದು ನಿಜ, ಆದರೆ ವಾದವನ್ನು ಅದರ ಮೇಲೆ ನಿಲ್ಲಿಸಲಿಲ್ಲ. ಅದು ಬಹಳ ಜನ ಮೊದಲು ಕೈಹಾಕುವ ಕಾಗದ, ಆದರೆ ಅಲ್ಲಿ ನಿಲ್ಲುವುದಿಲ್ಲ. ಹಾಗೆಯೇ ಪ್ಲೈವುಡ್‌ಗೆ ಎಷ್ಟು ಖರ್ಚಾಯಿತು, ಎಷ್ಟು ಸಂಜೆಗಳು ಹೋದವು ಎಂಬುದೂ ಲೆಕ್ಕಕ್ಕಿಲ್ಲ. ಮಾಡಿದವರ ಬೆವರಿಗೆ ಮಾರುಕಟ್ಟೆ ಬೆಲೆ ಕಟ್ಟುವುದಿಲ್ಲ. ಗೆಳೆಯರಿಗೆ ಇದನ್ನು ಫೋನಿನಲ್ಲಿ ಹೇಳುವಾಗ ನನಗೆ ಸಂಕಟವಾಯಿತು.

ಅಪ್ಪನಿಗೂ ಹೇಳಿದೆ. ಅಪ್ಪ ಶಿವಮೊಗ್ಗದ ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಪತ್ರಬರಹಗಾರರಾಗಿ ಬದುಕು ಸವೆಸಿದವರು. ಅವರ ಮೊದಲ ಮಾತು ನಿರೀಕ್ಷಿಸಿದ್ದೇ. “ಹೊರದೇಶದಲ್ಲಿ ಸರ್ಕಾರದ ಮೇಲೆ ಅರ್ಜಿ ಯಾಕಮ್ಮ? ಗೆದ್ದವನು ಸೋತ, ಸೋತವನು ಸತ್ತ.” ಕೋರ್ಟು ಕಚೇರಿಯ ವಿಷಯದಲ್ಲಿ ನಮ್ಮ ಕಡೆಯ ಜನರ ನೂರಾರು ವರ್ಷಗಳ ಅನುಭವ ಆ ಗಾದೆಯಲ್ಲಿದೆ. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಸೈಟಿಗೆ, ಮನೆಗೆ ಸರ್ಕಾರ ಮಾರ್ಗಸೂಚಿ ಬೆಲೆ ನಿಗದಿ ಮಾಡುತ್ತದೆ. ಮುದ್ರಾಂಕ ಶುಲ್ಕ ಅದರ ಮೇಲೆ. ನಿಮ್ಮ ಸೈಟು ಚರಂಡಿಯ ಪಕ್ಕದಲ್ಲಿದೆ, ಮೂಲೆ ಮುರಿದಿದೆ, ನಿಜವಾಗಿ ಅಷ್ಟು ಬೆಲೆ ಬರಲಿಲ್ಲ ಎಂದರೂ ಸಾಮಾನ್ಯವಾಗಿ ಯಾರೂ ಜಗಳಕ್ಕೆ ಹೋಗುವುದಿಲ್ಲ. ಅದಕ್ಕೂ ಮುದ್ರಾಂಕ ಕಾಯ್ದೆಯಲ್ಲಿ ದಾರಿಯಿದೆ, ಆದರೆ ಕಟ್ಟಿ ಕೈತೊಳೆದುಕೊಳ್ಳುವುದೇ ರೂಢಿ. ವಾಹನಕ್ಕೂ ಹಾಗೆಯೇ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಶೇ 18ರವರೆಗೆ ಏರುತ್ತದೆ. ಹೊರರಾಜ್ಯದ ಹಳೆಯ ಗಾಡಿ ತಂದರೆ ಎಷ್ಟು ವರ್ಷ ಹಳೆಯದು ಎಂಬ ಕೋಷ್ಟಕ ನೋಡಿ ಕಟ್ಟಿಸಿಕೊಳ್ಳುತ್ತಾರೆ. ತುಕ್ಕು ಹಿಡಿದಿದೆಯೇ ಎಂದು ಕೋಷ್ಟಕ ಕೇಳುವುದಿಲ್ಲ.

ಯುರೋಪಿನಲ್ಲಿ ಈ ಕೋಷ್ಟಕಗಳನ್ನು ಪ್ರಶ್ನಿಸಿದವರು ಸಾಮಾನ್ಯ ಕಾರು ಮಾಲೀಕರೇ. ಪೋರ್ಚುಗಲ್‌ನ ಗೋಮೆಸ್ ವಾಲೆಂಟೆ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2001ರಲ್ಲಿ ಕೊಟ್ಟ ತೀರ್ಪು ನನಗೆ ಬಹಳ ಧೈರ್ಯ ಕೊಟ್ಟಿತು. ಹೊರಗಿನಿಂದ ಬಂದ ಹಳೆಯ ವಾಹನದ ಮೇಲೆ ಹಾಕುವ ತೆರಿಗೆ, ಅಂಥದ್ದೇ ಸ್ಥಳೀಯ ಹಳೆಯ ವಾಹನದ ಬೆಲೆಯಲ್ಲಿ ಇನ್ನೂ ಉಳಿದಿರುವ ತೆರಿಗೆಯ ಪಾಲನ್ನು ಮೀರಬಾರದು ಎಂಬುದು ಅಲ್ಲಿನ ಮೂಲ ತತ್ವ. ಸರ್ಕಾರ ಪ್ರತಿ ವಾಹನವನ್ನೂ ತೂಗಿ ನೋಡುವುದು ಕಷ್ಟ, ಆದ್ದರಿಂದ ವಯಸ್ಸು, ಓಡಿದ ದೂರ, ಸ್ಥಿತಿ, ಕಂಪನಿ, ಮಾದರಿಯಂಥ ಅಂಶಗಳ ಮೇಲೆ ಪಟ್ಟಿ ಮಾಡಿಕೊಳ್ಳಬಹುದು. ಆದರೆ ಆ ಅಂಶಗಳು ಜನರಿಗೆ ಗೊತ್ತಿರಬೇಕು, ತನ್ನ ವಾಹನಕ್ಕೆ ಪಟ್ಟಿ ಹೊಂದುವುದಿಲ್ಲ ಎಂದು ತೋರಿಸಲು ಮಾಲೀಕನಿಗೆ ಅವಕಾಶ ಇರಬೇಕು. ಮೇಲ್ಮನವಿ ಎಂಬುದು ಅಧಿಕಾರಿಯ ದಯೆಯಲ್ಲ, ತೆರಿಗೆಯ ನ್ಯಾಯದ ಒಂದು ಅಂಗವೇ ಎಂದು ನನಗೆ ಮನದಟ್ಟಾದದ್ದು ಅದನ್ನು ಓದಿದಾಗ. ಅಪ್ಪನಿಗೆ ಇದನ್ನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬರೆ. ಆದರೆ ಸಿಟ್ಟು ಬರೆಯಬೇಡ, ಚಕ್ಕುಬಂದಿ ಬರೆ” ಎಂದರು. ಕ್ರಯಪತ್ರದಲ್ಲಿ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಆಸ್ತಿಯ ನಾಲ್ಕು ಎಲ್ಲೆ ಗುರುತಿಸಿ ಬರೆಯುವ ಹಾಗೆ ವ್ಯಾನನ್ನು ಬರೆ ಎಂದು ಅವರ ಅರ್ಥ. ನನಗೆ ಸಿಕ್ಕ ಅತ್ಯುತ್ತಮ ಕಾನೂನು ಸಲಹೆ ಅದೇ.

ಹಾಗಾಗಿ ಒಂದು ಶನಿವಾರ ನಾವಿಬ್ಬರೂ ಕ್ಯಾಮೆರಾ, ಟೇಪು ಹಿಡಿದು ವ್ಯಾನಿನ ಸುತ್ತ ಸುತ್ತಿದೆವು. ಜಾರುಬಾಗಿಲಿನ ಕೆಳಗಿನ ಹಳಿಯ ಬಳಿ ಬಣ್ಣ ಗುಳ್ಳೆಯೆದ್ದಿತ್ತು. ಉಗುರಿನಿಂದ ಒತ್ತಿದರೆ ಚಕ್ಕೆ ಕೈಗೆ ಬಂತು, ಒಳಗೆ ಕಂದು ಪುಡಿ. ಪಕ್ಕದಲ್ಲಿ ನಾಣ್ಯ ಇಟ್ಟು ಚಿತ್ರ ತೆಗೆದೆವು, ಗಾತ್ರ ತಿಳಿಯಲಿ ಎಂದು. ಹಿಂಬದಿಯ ಚಕ್ರದ ಮೇಲಿನ ಪೆಟ್ಟಿಗೆ ಗೋಡೆಗೆ ಸರಿಯಾಗಿ ಕೂತಿಲ್ಲ, ಬೆರಳು ತೂರುವಷ್ಟು ಸಂದು. ಸ್ನಾನಗೃಹವಿಲ್ಲ. ಹೀಟರ್ ಇಲ್ಲ. ಅನಿಲದ ಜೋಡಣೆಗೆ ವೃತ್ತಿಪರರ ಪ್ರಮಾಣಪತ್ರವಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಗಿಲು. ಜರ್ಮನಿಯಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ, ಆದ್ದರಿಂದ ಚಾಲಕನ ಆಸನ ಎಡಕ್ಕೆ, ಜಾರುಬಾಗಿಲು ಬಲಕ್ಕೆ. ಅಲ್ಲಿ ಇಳಿದರೆ ಪಾದಚಾರಿ ದಾರಿಗೆ ಕಾಲಿಡುತ್ತೀರಿ. ಐರ್ಲೆಂಡಿನಲ್ಲಿ ನಮ್ಮ ದೇಶದ ಹಾಗೆಯೇ ಎಡಕ್ಕೆ ಓಡಿಸುವುದು. ಅದೇ ಬಾಗಿಲು ಇಲ್ಲಿ ನೇರ ರಸ್ತೆಗೆ, ಓಡುವ ವಾಹನಗಳ ಕಡೆಗೆ ತೆರೆಯುತ್ತದೆ. ಮಕ್ಕಳಿರುವ ಮನೆಯವರು ಕ್ಯಾಂಪರ್ ಕೊಳ್ಳಲು ಬಂದರೆ ಮೊದಲು ಕೇಳುವುದು ಇದನ್ನೇ. ಕಿರಿದಾದ ಹಳ್ಳಿ ರಸ್ತೆಯಲ್ಲಿ ಮುಂದಿನ ಟ್ರ್ಯಾಕ್ಟರ್ ದಾಟಲು ಎಡಗಡೆ ಕುಳಿತ ಚಾಲಕನಿಗೆ ಎದುರು ಬರುವುದು ಕಾಣುವುದಿಲ್ಲ, ಪಕ್ಕದಲ್ಲಿ ಕುಳಿತವರು ನೋಡಿ ಹೇಳಬೇಕು. ಟೋಲ್‌ನಲ್ಲಿ ಹಣ ಕೊಡಲು ಕೈ ಆ ಕಡೆಗೆ ಚಾಚಬೇಕು. ಇವೆಲ್ಲ ಅನಾನುಕೂಲದ ಮಾತಾಗಿ ಕಾಣಬಹುದು, ಆದರೆ ಮಾರುಕಟ್ಟೆಯಲ್ಲಿ ಪ್ರತಿ ಅನಾನುಕೂಲವೂ ಯೂರೋ ಆಗಿ ಇಳಿಯುತ್ತದೆ. ನಮಗೆ ಬಂದ ಬೆಲೆಯ ಪತ್ರದಲ್ಲಿ ಎಡಗಡೆಯ ಸ್ಟಿಯರಿಂಗ್ ಬಗ್ಗೆ ಒಂದು ಮಾತೂ ಇರಲಿಲ್ಲ.

ಮನಸ್ಸಿಗೆ ಕಷ್ಟವಾದ ಕೆಲಸ ಇದು. ಪ್ರೀತಿಯಿಂದ ಮಾಡಿದ ವಸ್ತುವಿನ ಕುಂದುಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸಬೇಕು. ಗಂಟಿರುವ ಆ ಪೈನ್ ಪಟ್ಟಿಗಳು ನನಗೆ ಇಷ್ಟ. ಅರ್ಜಿಯಲ್ಲಿ ಅದನ್ನು ಅಸಮ ಗುಣಮಟ್ಟದ ಮರ ಎಂದು ಬರೆಯಬೇಕಾಯಿತು. ಆದರೂ ಸುಳ್ಳು ಒಂದನ್ನೂ ಬರೆಯಲಿಲ್ಲ, ಇರುವುದನ್ನು ಮರೆಮಾಚಲೂ ಇಲ್ಲ. ಸೌರಫಲಕ ಹೊಸದು, ಎಂಜಿನ್ನಿನ ಟೈಮಿಂಗ್ ಬೆಲ್ಟ್ ಈಚೆಗೆ ಬದಲಾಯಿಸಿದ್ದು ಎಂಬುದನ್ನೂ ಬರೆದೆವು. ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನಷ್ಟೇ ಬರೆದ ಪತ್ರವನ್ನು ಯಾರು ನಂಬುತ್ತಾರೆ?

ಆಮೇಲೆ ಹೋಲಿಕೆಗಳು. ಇಲ್ಲಿ ಹಳೆಯ ವಾಹನ ಮಾರುವವರೆಲ್ಲ ಹಾಕುವ ಜಾಹೀರಾತು ತಾಣ ಡನ್‌ಡೀಲ್. ಅದರಲ್ಲಿ ಮನೆಯಲ್ಲಿ ಕಟ್ಟಿದ ಡುಕಾಟೋ, ಅದರ ಅವಳಿಗಳಾದ ಪ್ಯೂಜೋ ಬಾಕ್ಸರ್, ಸಿಟ್ರೊಯೆನ್ ರಿಲೇ ಇವನ್ನು ಹುಡುಕಿದೆವು. ನಮ್ಮ ವರ್ಷಕ್ಕೆ ಒಂದೆರಡು ವರ್ಷ ಆಚೀಚೆ, ಕಿಲೋಮೀಟರ್ ಹೆಚ್ಚುಕಡಿಮೆ ಸಮ. ಪ್ರತಿ ಜಾಹೀರಾತನ್ನೂ ದಿನಾಂಕ ಕಾಣುವಂತೆ ಮುದ್ರಿಸಿಕೊಂಡೆವು. ಮಾರಾಟವಾದ ಕೂಡಲೇ ಜಾಹೀರಾತು ಮಾಯವಾಗುತ್ತದೆ, ಆಮೇಲೆ ಸಾಕ್ಷಿ ಎಲ್ಲಿ? ಜಾಹೀರಾತಿನಲ್ಲಿರುವುದು ಕೇಳುವ ಬೆಲೆ, ಕೈ ಸೇರುವುದು ಅದಕ್ಕಿಂತ ಕಡಿಮೆ ಎಂಬುದನ್ನೂ ಪತ್ರದಲ್ಲಿ ಹೇಳಿದೆವು. ಅಗ್ಗದವನ್ನಷ್ಟೇ ಆರಿಸಿಕೊಳ್ಳುವ ಆಸೆ ಬರುತ್ತದೆ. ದುಬಾರಿಯವನ್ನೂ ಇಟ್ಟು, ಅದು ಏಕೆ ದುಬಾರಿ ಎಂದು ಪಕ್ಕದಲ್ಲಿ ಬರೆದೆವು: ಬಲಗಡೆ ಸ್ಟಿಯರಿಂಗ್, ಡೀಸೆಲ್ ಹೀಟರ್, ಸ್ನಾನಗೃಹ. ಎಲ್ಲ ನೋಡಿದ ಮೇಲೆ ನಮ್ಮ ಅಂದಾಜು 14,000 ಎಂದು ನಿಂತಿತು. ಅದರ ಮೇಲೆ ತೆರಿಗೆ 1,862.

ಮೊದಲ ಹಂತದ ಮೇಲ್ಮನವಿ ತೆರಿಗೆ ಇಲಾಖೆಗೇ ಹೋಗುತ್ತದೆ. ಅದಕ್ಕೆ ಎರಡು ತಿಂಗಳ ಗಡುವು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ನಮ್ಮ ಪತ್ರ ಎರಡು ಪುಟ ಮೀರಲಿಲ್ಲ, ಚಿತ್ರ ಮತ್ತು ಜಾಹೀರಾತುಗಳು ಪ್ರತ್ಯೇಕ. ಉತ್ತರ ಬಂತು: ಬೆಲೆಯನ್ನು 17,000ಕ್ಕೆ ಇಳಿಸಲಾಗಿದೆ. ತೆರಿಗೆ 2,261 ಆಯಿತು, 931 ಯೂರೋ ಬ್ಯಾಂಕ್ ಖಾತೆಗೆ ಮರಳಿತು. ಎಡಗಡೆ ಸ್ಟಿಯರಿಂಗ್ ಮತ್ತು ಮನೆಯಲ್ಲಿ ಮಾಡಿದ ಒಳಾಂಗಣ ಎಂಬ ಎರಡನ್ನೂ ಪರಿಗಣಿಸಿದ್ದಾಗಿ ಆ ಪತ್ರದಲ್ಲಿತ್ತು. ಉಳಿದ ಮೂರು ಸಾವಿರದ ವ್ಯತ್ಯಾಸವನ್ನು ನಾವು ಒಪ್ಪಿಕೊಂಡೆವು. ನಮ್ಮ ಹೋಲಿಕೆಗಳಲ್ಲಿ ದುಬಾರಿಯಾದವು ಆ ಬೆಲೆಯ ಆಸುಪಾಸಿನಲ್ಲೇ ಇದ್ದವು, ಹಾಗಾಗಿ ಅದು ಅನ್ಯಾಯ ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ.

ಒಪ್ಪದವರಿಗೆ ಮುಂದಿನ ಮೆಟ್ಟಿಲು ತೆರಿಗೆ ಮೇಲ್ಮನವಿ ಆಯೋಗ. 2016ರಲ್ಲಿ ಆರಂಭವಾದ ಈ ಆಯೋಗ ಇಲಾಖೆಯಿಂದ ಸ್ವತಂತ್ರ. ಇಲಾಖೆಯ ತೀರ್ಮಾನ ಬಂದ ಮೂವತ್ತು ದಿನಗಳೊಳಗೆ ಅರ್ಜಿ ಹಾಕಬೇಕು. ಸೋತರೂ ಎದುರು ಪಕ್ಷದ ಖರ್ಚು ನಿಮ್ಮ ತಲೆಯ ಮೇಲೆ ಬರುವುದಿಲ್ಲ, ಅವರವರ ಖರ್ಚು ಅವರವರದು. ಅಪ್ಪನ ಗಾದೆಯ ಭಯ ಇಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಆಯೋಗ ತನ್ನ ತೀರ್ಮಾನಗಳನ್ನು ಅರ್ಜಿದಾರರ ಹೆಸರು ಅಳಿಸಿ ಪ್ರಕಟಿಸುತ್ತದೆ. ವಾಹನದ ಬೆಲೆಯ ಕುರಿತ ತೀರ್ಮಾನಗಳು ಅದರಲ್ಲಿ ಸಾಕಷ್ಟು ಇವೆ, ಯಾರು ಬೇಕಾದರೂ ಓದಬಹುದು. ನಾನು ಪತ್ರ ಬರೆಯುವ ಮೊದಲು ಅವನ್ನು ಓದಿದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಮೆನೊಲಿ ಹೋಮ್ಸ್, ಅಂದರೆ ಹೈಕೋರ್ಟಿನ 2010ರ ತೀರ್ಪು. ತೆರಿಗೆ ಹೆಚ್ಚಾಗಿದೆ ಎಂದು ತೋರಿಸುವ ಹೊಣೆ ತೆರಿಗೆ ಕಟ್ಟುವವನದೇ ಎಂದು ಅದು ಹೇಳುತ್ತದೆ. ಬೆಲೆ ಹೆಚ್ಚಾಯಿತು ಎಂದು ನೊಂದುಕೊಂಡು ಬಂದವರು ಸೋಲುತ್ತಾರೆ, ಹೋಲಿಕೆಯ ವಾಹನಗಳನ್ನು ಮುಂದಿಟ್ಟವರಿಗೆ ಏನಾದರೂ ದಕ್ಕುತ್ತದೆ. ಆಯೋಗದ ನಂತರ ಹೈಕೋರ್ಟಿಗೆ ಹೋಗಬಹುದಾದರೂ ಕಾನೂನಿನ ಪ್ರಶ್ನೆಗೆ ಮಾತ್ರ. ಬೆಲೆ ಎಷ್ಟು ಎಂಬ ವಾದ ಆಯೋಗದಲ್ಲೇ ಮುಗಿಯುತ್ತದೆ.

ಇಲ್ಲಿಗೆ ಹೊಸದಾಗಿ ವಲಸೆ ಬರುವ ಕನ್ನಡಿಗರಿಗೆ ಒಂದು ಮಾತು. ಬೇರೆ ದೇಶದಲ್ಲಿ ವಾಸವಿದ್ದು, ವಾಹನವನ್ನು ಕನಿಷ್ಠ ಆರು ತಿಂಗಳು ಅಲ್ಲಿಯೇ ಇಟ್ಟುಕೊಂಡು ಬಳಸಿ, ವಾಸವನ್ನು ಇಲ್ಲಿಗೆ ಬದಲಿಸುವಾಗ ಜೊತೆಗೆ ತಂದರೆ ಈ ತೆರಿಗೆಯಿಂದಲೇ ವಿನಾಯಿತಿ ಕೇಳಬಹುದು. ಇಲ್ಲಿ ಆಗಲೇ ನೆಲೆಸಿರುವ ನಮ್ಮಂಥವರಿಗೆ ಅದು ಅನ್ವಯಿಸುವುದಿಲ್ಲ. ಇನ್ನು ಬ್ರಿಟನ್ನಿನಿಂದ ತರುವವರು 2021ರಿಂದ ಸೀಮಾಸುಂಕ ಮತ್ತು ಶೇ 23ರ ವ್ಯಾಟ್ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ನೋಂದಣಿ ಮುಗಿದ ಮೇಲೆ ಒಂದು ಸಮಾಧಾನವಿದೆ: ಮೋಟಾರ್ ಕ್ಯಾರವಾನ್‌ನ ವಾರ್ಷಿಕ ರಸ್ತೆ ತೆರಿಗೆ 102 ಯೂರೋ, ಸರಕು ವ್ಯಾನಿನದು 333ರಿಂದ ಮೇಲಕ್ಕೆ.

ನಾನು ಕೇಳುವುದು ದೊಡ್ಡದೇನಲ್ಲ. ಸಂಕೇತ ಸಂಖ್ಯೆಯಿಲ್ಲದ ವಾಹನಕ್ಕೆ ಕೈಯಿಂದ ಬೆಲೆ ಕಟ್ಟುವಾಗ, ಯಾವ ವಾಹನಗಳ ಜೊತೆ ಹೋಲಿಸಿದರು ಎಂಬ ಪಟ್ಟಿಯನ್ನು ಮೊದಲ ಪತ್ರದಲ್ಲೇ ಕೊಡಬೇಕು. ನಮಗೆ ಬಂದದ್ದು ಬರಿಯ ಅಂಕಿ. ಯಾವುದರ ಜೊತೆ ಹೋಲಿಸಿದ್ದಾರೆಂದು ಊಹಿಸಿ ಉತ್ತರ ಬರೆಯಬೇಕಾಯಿತು. ಸಾಬೀತು ಮಾಡುವ ಹೊಣೆ ನನ್ನ ಮೇಲಿದ್ದರೆ, ನಾನು ಯಾವುದಕ್ಕೆ ಉತ್ತರ ಕೊಡಬೇಕು ಎಂಬುದು ನನಗೆ ಗೊತ್ತಿರಬೇಕು. ಇಂಗ್ಲಿಷ್ ಪತ್ರ ಬರೆಯಲು ಹಿಂಜರಿಯುವ, ರಾತ್ರಿಪಾಳಿ ಮುಗಿಸಿ ಬಂದು ಕಾಯ್ದೆ ಓದಲು ಆಗದ ಎಷ್ಟೋ ವಲಸಿಗರು ಆ ಅಂಕಿಯನ್ನೇ ಅಂತಿಮವೆಂದು ತಿಳಿದು ಸುಮ್ಮನಾಗುತ್ತಾರೆ. ಈ ಬೇಡಿಕೆಯನ್ನು ಪತ್ರದಲ್ಲಿ ಬರೆದು ನಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ಕಳಿಸಿದ್ದೇನೆ. ನಮ್ಮ ಅರ್ಜಿಯ ನಕಲು ಬೇಕಾದವರು ಕೇಳಿದರೆ ವೈಯಕ್ತಿಕ ವಿವರ ತೆಗೆದು ಕೊಡುತ್ತೇನೆ. ನೋಂದಣಿಯ ದಿನದಿಂದ ಎರಡು ತಿಂಗಳು ದಾಟುವ ಮೊದಲು ಕೇಳಿ.